ಆರು ಕ್ಯಾಸೆಟ್ಟುಗಳ ಇಂಗ್ಲೆಂಡ್ ಪ್ರವಾಸ

ಹೊಳೆನರಸೀಪುರ

ಇಂಗ್ಲೆಂಡಿಗೆ ಹೋಗಿಬಂದವರೆಲ್ಲ ಅಲ್ಲಿನ ಚಳಿ, ಅಲ್ಲಿನ ಹಸಿರು, ಅಲ್ಲಿನ ಶಿಸ್ತು ಎಂದು ಮಾತು ಶುರುಮಾಡುತ್ತಾರೆ. ನಾನು ಹೋದದ್ದು ಜೂನ್ ತಿಂಗಳಲ್ಲಿ, ಚಳಿ ಹೇಳಿಕೊಳ್ಳುವಷ್ಟಿರಲಿಲ್ಲ. ಹಸಿರು ನಮ್ಮ ಹೇಮಾವತಿ ದಂಡೆಯಲ್ಲೂ ಇದೆ. ಇನ್ನು ಶಿಸ್ತಿನ ವಿಷಯದಲ್ಲಿ ನನಗೆ ಮೊದಲಿನಿಂದಲೂ ಅನುಮಾನ.

ನಾನು ಹುಟ್ಟಾ ಸಂಶಯಪ್ರಾಣಿ. ಬಸ್ಸಿನಲ್ಲಿ ಪಕ್ಕದವನು ನಕ್ಕರೆ ಜೇಬು ಮುಟ್ಟಿಕೊಳ್ಳುತ್ತೇನೆ. ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಹದಿನೆಂಟು ವರ್ಷ ಇಂಗ್ಲಿಷ್ ಪಾಠ ಹೇಳಿದ ಮೇಲೆ ಈ ಗುಣ ಇನ್ನಷ್ಟು ಗಟ್ಟಿಯಾಗಿತ್ತು. ಒಳ್ಳೆಯ ಉತ್ತರ ಬರೆದ ಹುಡುಗನ ಪೇಪರು ಕಂಡರೆ ಮೊದಲು ಅವನ ಅಕ್ಕಪಕ್ಕ ಯಾರು ಕೂತಿದ್ದರು ಎಂದು ಹುಡುಕುತ್ತಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಇಂಗ್ಲಿಷ್ ಬೋಧನೆಯ ಬಗ್ಗೆ ಐದು ವಾರದ ತರಬೇತಿಗೆ ನನ್ನನ್ನು ಕರೆದಿದ್ದಾರೆಂಬ ಕಾಗದ ಬಂದಾಗಲೂ ನನಗೆ ಮೊದಲು ಬಂದದ್ದು ಸಂತೋಷವಲ್ಲ. ಇಷ್ಟು ದೊಡ್ಡ ದೇಶದಲ್ಲಿ ಹುಡುಕಿ ಹುಡುಕಿ ನನ್ನನ್ನೇ ಯಾಕೆ ಕರೆದರು?

"ಯಾಕೆ ಅಂದ್ರೆ, ನಿಮ್ಮ ಕ್ಯಾಸೆಟ್ಟಿನ ಆಸೆಗಿರಬೇಕು," ಎಂದಳು ನನ್ನ ಹೆಂಡತಿ ಸರೋಜ, ಹುರುಳಿಕಾಳು ಆರಿಸುತ್ತ. ತಮಾಷೆಗೆ ಅಂದದ್ದು. ನಾನು ಅದನ್ನೇ ಹಿಡಿದುಕೊಂಡೆ.

ಕ್ಯಾಸೆಟ್ಟುಗಳ ವಿಷಯ ಹೇಳಬೇಕು. ಅವು ಆರು. ನನ್ನ ಪಿಎಚ್.ಡಿ. ಅಂದರೆ ಅವೇ. ಒಂಬತ್ತನೇ ಕ್ಲಾಸಿನಲ್ಲಿ ಇಂಗ್ಲಿಷ್ ಪಾಠ ನಿಜವಾಗಿ ಹೇಗೆ ನಡೆಯುತ್ತದೆ, ಮಕ್ಕಳು ಎಷ್ಟು ಮಾತಾಡುತ್ತಾರೆ ಎಂಬುದು ನನ್ನ ಸಂಶೋಧನೆ. ಚನ್ನರಾಯಪಟ್ಟಣದ ಒಂದು ಶಾಲೆಯಲ್ಲಿ ಮೂರು ಪಾಠ, ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಮೂರು ಪಾಠ ರೆಕಾರ್ಡ್ ಮಾಡಿದ್ದೆ. ಪಟ್ಟಣ ಒಂದು, ಹಳ್ಳಿ ಒಂದು. ಶಾಲೆಗಳ ಹೆಸರು ಬೇಡ, ಮೇಷ್ಟರುಗಳು ಇನ್ನೂ ನೌಕರಿಯಲ್ಲಿದ್ದಾರೆ. ಹೊರಗಿನವನು ಕ್ಲಾಸಿನಲ್ಲಿ ಕೂತರೆ ಮಕ್ಕಳು ಸಹಜವಾಗಿರುವುದಿಲ್ಲ ಎಂದು ಶಾಸ್ತ್ರ ಹೇಳುತ್ತದೆ. ಹಾಗಾಗಿ ನಾನು ಟೇಪ್ ರೆಕಾರ್ಡರನ್ನು ಮೇಷ್ಟರ ಕೈಗೆ ಕೊಟ್ಟು ಸ್ಟಾಫ್ ರೂಮಿನಲ್ಲಿ ಕೂತುಬಿಡುತ್ತಿದ್ದೆ. ಅವರು ಕೊಟ್ಟ ಉಪ್ಪಿಟ್ಟು ತಿಂದು, ಬೆಲ್ ಹೊಡೆದ ಮೇಲೆ ಟೇಪು ತೆಗೆದುಕೊಂಡು ಬರುತ್ತಿದ್ದೆ. ಮೇಷ್ಟರಿಗೆ ಒಂದೇ ಷರತ್ತು: ಪಾಠದ ಕೊನೆಗೆ ಗೈಡಿನಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಬೇಕು.

ಎರಡು ವರ್ಷ ಆ ಆರು ಟೇಪುಗಳನ್ನು ಕೇಳಿ ಕೇಳಿ ಬರೆದುಕೊಂಡೆ. ಫಲಿತಾಂಶ ಬೆರಗು ಹುಟ್ಟಿಸುವಷ್ಟು ಸ್ಪಷ್ಟವಾಗಿತ್ತು. ಹಳ್ಳಿಯೂ ಒಂದೇ, ಪಟ್ಟಣವೂ ಒಂದೇ. ಗೈಡಿನಲ್ಲಿರುವ ಪ್ರಶ್ನೆಗೆ ಎರಡೂ ಕಡೆ ಪಟಪಟನೆ ಉತ್ತರ. ಗೈಡಿನಲ್ಲಿಲ್ಲದ ಪ್ರಶ್ನೆಗೆ ಎರಡೂ ಕಡೆ ಮೌನ. ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸಬಲ್ಲರೇ ಹೊರತು ಇಂಗ್ಲಿಷಿನಲ್ಲಿ ಒಂದು ಸ್ವಂತ ವಾಕ್ಯ ಕಟ್ಟಲಾರರು, ಹಳ್ಳಿ ಪಟ್ಟಣ ಎಂಬ ಭೇದ ಅದಕ್ಕಿಲ್ಲ. ಇದು ನನ್ನ ತೀರ್ಮಾನ. ತರಬೇತಿಯ ಕೊನೆಯ ದಿನ ಅಲ್ಲಿನ ವಿದ್ವಾಂಸರ ಮುಂದೆ ಇದನ್ನೇ ಮಂಡಿಸಬೇಕು. ಅವರು ಒಪ್ಪಿದರೆ ಅವರು ಹೊರತರುವ ಲೇಖನ ಸಂಪುಟದಲ್ಲಿ ಅಚ್ಚಾಗುತ್ತದೆ, ಅಚ್ಚಾದರೆ ನನ್ನ ಪಿಎಚ್.ಡಿ.ಯನ್ನು ಯಾರೂ ಅಲ್ಲಾಡಿಸುವಂತಿಲ್ಲ. ತಪ್ಪಿದರೆ ಈ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡುವ ಚೈತನ್ಯ ನನ್ನಲ್ಲಿರಲಿಲ್ಲ.

ಹೀಗಾಗಿ ಹಾಸನದ ಬಸ್ ಸ್ಟಾಂಡಿನಿಂದಲೇ ಆ ಆರು ಕ್ಯಾಸೆಟ್ಟುಗಳನ್ನು ಸರೋಜಳ ಹಳೇ ಉಣ್ಣೆ ಶಾಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ಹೊರಟೆ.

ವಿಮಾನ ನಿಲ್ದಾಣ

ಸಾಮಾನನ್ನು ತೂರಿಸುವ ಯಂತ್ರದೊಳಗೆ ಹೋದರೆ ಟೇಪಿನಲ್ಲಿರುವ ಮಾತು ಅಳಿಸಿಹೋಗುತ್ತದೆಂದು ನಮ್ಮ ಕಾಲೇಜಿನ ಫಿಸಿಕ್ಸ್ ಮೇಷ್ಟರು ಹೆದರಿಸಿದ್ದರು. ನಮ್ಮ ದೇಶದ ನಿಲ್ದಾಣದಲ್ಲಿ ಕಾಡಿಬೇಡಿ ಕೈಯಲ್ಲೇ ದಾಟಿಸಿದ್ದೆ. ಲಂಡನ್ನಿನಲ್ಲಿ ನಾನು ಶಾಲಿನ ಗಂಟನ್ನು ಯಂತ್ರಕ್ಕೆ ಕೊಡಲೊಲ್ಲೆನೆಂದು ಹಟ ಹಿಡಿದೆ. ಹಟ ಹಿಡಿದವನ ಮೇಲೆ ಅವರಿಗೆ ಅನುಮಾನ ಬಂತು. ಅನುಮಾನಪಡುವವನನ್ನೇ ಅನುಮಾನಿಸಿದರೆ ಎಷ್ಟು ಸಂಕಟವಾಗುತ್ತದೆಂದು ಅವತ್ತು ಗೊತ್ತಾಯಿತು.

ದಪ್ಪ ಮೀಸೆಯ ಒಬ್ಬ ಅಧಿಕಾರಿ ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದು ಗಂಟು ಬಿಚ್ಚಿಸಿದ. ಇದರಲ್ಲೇನಿದೆ ಎಂದ. ಅರಕಲಗೂಡು ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಒಂದು ಕ್ಯಾಸೆಟ್ಟನ್ನು ನನ್ನ ರೆಕಾರ್ಡರಿಗೆ ಹಾಕಿಸಿ ಗುಂಡಿ ಒತ್ತಿಸಿದ. ಆ ಬಿಳಿ ಕೋಣೆಯಲ್ಲಿ ನಲವತ್ತು ಮಕ್ಕಳು ಒಟ್ಟಿಗೆ ಎದ್ದು ನಿಂತು, ಬೆಂಚು ಕಿರುಗುಟ್ಟಿಸಿ, "ಗುಡ್ ಮಾರ್ನಿಂಗ್ ಸಾ...ರ್" ಎಂದು ರಾಗವಾಗಿ ಎಳೆದರು. ಅಧಿಕಾರಿ ತಡೆಯಲಾರದೆ ತಾನೂ "ಗುಡ್ ಮಾರ್ನಿಂಗ್" ಎಂದುಬಿಟ್ಟ. ಆಮೇಲೆ ನನ್ನನ್ನು ಬಿಟ್ಟ.

ಉತ್ತರದ ಒಂದು ಊರು

ತರಬೇತಿ ನಡೆದದ್ದು ಇಂಗ್ಲೆಂಡಿನ ಉತ್ತರಕ್ಕಿರುವ ಒಂದು ಸಣ್ಣ ಊರಿನಲ್ಲಿ. ಅಲ್ಲಿ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಕಡೆ ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಪಕ್ಕದವನಿಗೆ ನಿಮ್ಮ ಮಗಳ ಜಾತಕದವರೆಗೆ ಗೊತ್ತಾಗಿರುತ್ತದೆ. ಇಲ್ಲಿ ಇಪ್ಪತ್ತು ಜನ ಕಿಟಕಿ ನೋಡುತ್ತ ಕೂತಿರುತ್ತಾರೆ, ಇಳಿಯುವಾಗ ಮಾತ್ರ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾರೆ. ಇಷ್ಟು ಸುಮ್ಮನಿರುವ ಜನ ಒಳಗೊಳಗೇ ಏನೋ ಲೆಕ್ಕ ಹಾಕುತ್ತಿರಬೇಕು ಎಂದು ನನಗನ್ನಿಸುತ್ತಿತ್ತು.

ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯವನು ಜೋಸೆಫ್, ತಾಂಜಾನಿಯಾದ ಹೈಸ್ಕೂಲ್ ಮೇಷ್ಟರು. ಎತ್ತರದ ಆಳು, ಗಟ್ಟಿ ನಗು. ಅಡಿಗೆಮನೆ ಎಲ್ಲರಿಗೂ ಸೇರಿ ಒಂದೇ. ಸರೋಜ ಕೊಟ್ಟಿದ್ದ ಚಟ್ನಿಪುಡಿಯ ಡಬ್ಬ ಮೂರೇ ದಿನಕ್ಕೆ ಅರ್ಧವಾಯಿತು. ನಾನು ಡಬ್ಬದ ಹೊರಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಮಾರನೆಯ ದಿನ ಪುಡಿ ಗೆರೆಯಿಂದ ಒಂದು ಬೆರಳು ಇಳಿದಿತ್ತು. ತಿಂಡಿಯ ಹೊತ್ತಿಗೆ ಕಾದು ಕೂತೆ. ಜೋಸೆಫ್ ಬಂದು, ನನ್ನ ಎದುರೇ ಡಬ್ಬ ತೆಗೆದು, ಬ್ರೆಡ್ಡಿಗೆ ಎರಡು ಚಮಚ ಸುರುವಿಕೊಂಡು, "ಅಣ್ಣ, ಈ ಗೆರೆ ಯಾಕೆ ಎಳೆದಿದ್ದೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಎಲ್ಲರ ಅಡಿಗೆಮನೆಯಲ್ಲಿಟ್ಟದ್ದು ಎಲ್ಲರದ್ದು ಎಂದು ಅವನು ತಿಳಿದಿದ್ದ. ನಾನು ನಾಚಿ, ಎಷ್ಟು ದಿನಕ್ಕೆ ಸಾಲುತ್ತದೆ ಎಂದು ನೋಡಲು ಎಂದೆ. ಅಲ್ಲಿಂದ ನಾವು ಸ್ನೇಹಿತರಾದೆವು. ಡಬ್ಬವನ್ನು ಮಾತ್ರ ನನ್ನ ಕೋಣೆಗೆ ತಂದಿಟ್ಟುಕೊಂಡೆ.

ನಮ್ಮ ಪ್ರೊಫೆಸರರು ತೆಳ್ಳಗಿನ, ಬಹಳ ಮೃದುವಾಗಿ ಮಾತಾಡುವ ಮುದುಕರು. ನಾನು ನನ್ನ ಟೇಪುಗಳ ವಿಷಯ ಹೇಳಿದಾಗ ಅವರ ಕಣ್ಣು ಅರಳಿತು. ಅವುಗಳ ಒಂದು ಪ್ರತಿಯನ್ನು ವಿಭಾಗದಲ್ಲಿ ಇಟ್ಟುಕೊಳ್ಳಬಹುದೇ ಎಂದರು. ನೋಡಿದಿರಾ, ಸರೋಜ ತಮಾಷೆಗೆ ಅಂದದ್ದು ನಿಜವಾಯಿತು ಎಂದುಕೊಂಡೆ. ಆಲೋಚಿಸಿ ಹೇಳುತ್ತೇನೆ ಎಂದು ಜಾರಿಕೊಂಡೆ.

ಅಲ್ಲಿನ ಶಾಲೆ

ಎರಡನೆಯ ವಾರ ನಮ್ಮನ್ನು ಅಲ್ಲಿನ ಒಂದು ಶಾಲೆಗೆ ಕರೆದುಕೊಂಡು ಹೋದರು. ಒಳ್ಳೆಯ ಕಟ್ಟಡ, ಗೋಡೆಯ ತುಂಬ ಚಾರ್ಟು. ಮೇಡಂ ಕಥೆಯೊಂದನ್ನು ಓದಿ ಪ್ರಶ್ನೆ ಕೇಳಿದರು. ಮಕ್ಕಳು ಮುದ್ದುಮುದ್ದಾಗಿ ಉತ್ತರ ಹೇಳಿದರು. ನಮ್ಮ ಗುಂಪಿನವರೆಲ್ಲ ತಲೆದೂಗಿದರು. ನಾನು ಗೋಡೆಯ ಹತ್ತಿರ ಹೋಗಿ ಚಾರ್ಟಿನ ಅಂಚು ಮೆಲ್ಲಗೆ ಮುಟ್ಟಿದೆ. ಅಂಟು ಇನ್ನೂ ಹಸಿ. ಮುಂದಿನ ಸಾಲಿನ ಚಿಕ್ಕ ಹುಡುಗಿಯೊಬ್ಬಳು ಮೇಡಂ ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿಬಿಟ್ಟಳು, ಮೇಡಂ ಕೆಂಪಾದರು.

"ಇದು ಒಪ್ಪಿಸುವ ಪಾಠ," ಎಂದು ಹಿಂದಿರುಗುವಾಗ ಜೋಸೆಫನಿಗೆ ಹೇಳಿದೆ. "ನಿನ್ನೆಯೇ ಆಗಿಹೋಗಿರುವ ಪಾಠ. ಇವತ್ತು ನಮಗೋಸ್ಕರ ಬಿಸಿಮಾಡಿ ಬಡಿಸಿದ್ದಾರೆ."

ಅವನಿಗೆ ಆಶ್ಚರ್ಯ. ನಿಮಗೆ ಹೇಗೆ ತಿಳಿಯಿತು ಎಂದ. ಹೆಮ್ಮೆಯಿಂದಲೇ ಹೇಳಿದೆ. ನಾನು ಹುಡುಗನಾಗಿದ್ದಾಗ ನಮ್ಮ ಕಡೆ ಶಾಲೆಗೆ ಇನ್ಸ್‌ಪೆಕ್ಟರು ಬರುತ್ತಾರೆಂದರೆ ಒಂದು ಶಾಲೆಯ ಚುರುಕು ಹುಡುಗರನ್ನು ಇನ್ನೊಂದು ಶಾಲೆಯವರು ಕರೆದೊಯ್ಯುತ್ತಿದ್ದರು. ನಮ್ಮಪ್ಪ ಅರ್ಚಕರು, ಮನೆಯಲ್ಲಿ ಶ್ಲೋಕ ಹೇಳಿ ಹೇಳಿ ನನ್ನ ನಾಲಿಗೆ ಹೊರಳುತ್ತಿತ್ತು. ನನ್ನನ್ನು ಎರಡು ಸಲ ಹಾಗೆ ಕರೆದೊಯ್ದಿದ್ದರು. ಹೋದ ಊರಿನ ಶಾಲೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂರಿಸಿ, ನಿನ್ನ ಊರು ಯಾವುದೆಂದರೆ ಈ ಊರೇ ಎನ್ನಬೇಕು ಎಂದು ಹೇಳಿಕೊಟ್ಟಿದ್ದರು. ಕೆಲಸ ಮುಗಿದ ಮೇಲೆ ಮೇಷ್ಟರು ಕೋಡುಬಳೆ ಕೊಡಿಸಿದ್ದರು.

ಜೋಸೆಫ್ ಬಸ್ಸಿನ ಮೌನ ಒಡೆಯುವ ಹಾಗೆ ನಕ್ಕ. ಬಿಳಿಯರ ಮೋಸವನ್ನೂ ಪತ್ತೆಹಚ್ಚಿದೆನೆಂದು ಆ ದಿನವಿಡೀ ನನಗೆ ಒಂದು ಬಗೆಯ ಖುಷಿ.

ನೆಲಮಾಳಿಗೆ

ಟೇಪು ಕೇಳಿಸಿಕೊಳ್ಳುವ ಕೋಣೆ ನೆಲಮಾಳಿಗೆಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಮಾರ್ಗರೆಟ್ ಎಂಬ ಹೆಂಗಸು. ಐವತ್ತೈದರ ಆಸುಪಾಸು, ಕಿವಿಗೆ ಯಾವಾಗಲೂ ಹೆಡ್‌ಫೋನ್, ಕೈಯಲ್ಲಿ ಉಣ್ಣೆ ಹೆಣಿಗೆ. ಪದವಿಗಿದವಿ ಇಲ್ಲ, ಇಪ್ಪತ್ತು ವರ್ಷದಿಂದ ದೇಶದೇಶದ ಜನರ ದನಿ ಕೇಳಿ ಶುಚಿಮಾಡಿ ಕೊಡುವುದೇ ಕೆಲಸ. ನನ್ನ ಟೇಪಿನಲ್ಲಿ ಗರಗರ ಶಬ್ದ ಹೆಚ್ಚು, ಸಭೆಯಲ್ಲಿ ಕೇಳಿಸುವ ಮೊದಲು ತೊಳೆಯಬೇಕು ಎಂದು ಪ್ರೊಫೆಸರರು ಹೇಳಿದ್ದರಿಂದ ಆರನ್ನೂ ಆಕೆಗೆ ಕೊಡಲೇಬೇಕಾಯಿತು. ರಸೀದಿ ಕೇಳಿದೆ. ಆಕೆ ನಕ್ಕು, ಒಂದು ಚೀಟಿಯಲ್ಲಿ "ಆರು" ಎಂದು ಬರೆದು ಸಹಿ ಹಾಕಿಕೊಟ್ಟರು.

ದಿನಾ ಸಂಜೆ ಹೋಗಿ ಎಣಿಸಿ ಬರುತ್ತಿದ್ದೆ. ನಾಲ್ಕನೆಯ ವಾರದ ಒಂದು ಸಂಜೆ ಡಬ್ಬದಲ್ಲಿ ನಾಲ್ಕೇ ಇದ್ದವು. ಮಾರ್ಗರೆಟ್ ಮನೆಗೆ ಹೋಗಿಯಾಗಿತ್ತು. ನಿದ್ದೆ ಹತ್ತಲಿಲ್ಲ. ಪ್ರೊಫೆಸರರು ಪ್ರತಿ ಬೇಕೆಂದದ್ದು, ನಾನು ಕೊಡದೆ ಜಾರಿಕೊಂಡದ್ದು, ಈಗ ಎರಡು ಕಾಣೆಯಾದದ್ದು ಎಲ್ಲ ಸೇರಿಸಿ ಹೊಲಿದರೆ ಚೆನ್ನಾಗಿ ಕೂಡಿಕೊಳ್ಳುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ.

ಬಾಗಿಲು ಆಗಲೇ ತೆರೆದಿತ್ತು. ಮಾರ್ಗರೆಟ್ ನನ್ನ ಎರಡು ಟೇಪುಗಳನ್ನು ಎರಡು ಯಂತ್ರದಲ್ಲಿ ಹಾಕಿಕೊಂಡು, ಒಮ್ಮೆ ಇದನ್ನು ಒಮ್ಮೆ ಅದನ್ನು ಓಡಿಸಿ ಕೇಳುತ್ತಿದ್ದರು.

"ಯಾರ ಅಪ್ಪಣೆ ತಗೊಂಡು ಇದನ್ನ ಕಾಪಿ ಮಾಡ್ತಿದ್ದೀರಿ?" ಎಂದು ಗದರಿಯೇಬಿಟ್ಟೆ.

ಆಕೆಗೆ ಸಿಟ್ಟು ಬರಲಿಲ್ಲ. "ಕೂತ್ಕೊಳ್ಳಿ," ಎಂದರು. "ನಿಮ್ಮ ಭಾಷೆ ನನಗೆ ಬರೋದಿಲ್ಲ. ಆದರೆ ಈ ಎರಡು ಟೇಪಿನಲ್ಲೂ ಉತ್ತರ ಹೇಳೋದು ಒಂದೇ ಹುಡುಗಿ."

ಸಾಧ್ಯವಿಲ್ಲ ಎಂದೆ. ಒಂದು ಚನ್ನರಾಯಪಟ್ಟಣ, ಇನ್ನೊಂದು ಅರಕಲಗೂಡು ತಾಲ್ಲೂಕು, ನಡುವೆ ಎರಡು ಬಸ್ಸು ಬದಲಾಯಿಸಬೇಕು ಎಂದು ವಿವರಿಸಿದೆ. ಆಕೆ ಹೆಡ್‌ಫೋನನ್ನು ನನ್ನ ಕಿವಿಗಿಟ್ಟರು. ಮಾತು ಶುರುಮಾಡುವ ಮೊದಲು ಆ ಹುಡುಗಿ ಮೂಗಿನಿಂದ ಚಿಕ್ಕದಾಗಿ ಉಸಿರೆಳೆದುಕೊಳ್ಳುತ್ತಿದ್ದಳು. "ಸರ್" ಎನ್ನುವಾಗ ನಾಲಿಗೆ ಹಲ್ಲಿನ ಸಂದಿಗೆ ಕೊಂಚ ತಗಲುತ್ತಿತ್ತು. ಎರಡು ಟೇಪಿನಲ್ಲೂ.

ಎರಡು ವರ್ಷದಿಂದ ನಾನು ಕೇಳುತ್ತಿದ್ದ ಟೇಪು. ಒಂದು ಊರಿನಲ್ಲಿ ಅವಳಿಗೆ ವಿದ್ಯಾರ್ಥಿ ಮೂರು ಎಂದು ಹೆಸರಿಟ್ಟಿದ್ದೆ, ಇನ್ನೊಂದರಲ್ಲಿ ವಿದ್ಯಾರ್ಥಿ ಏಳು. ಅವಳ ಪದಗಳನ್ನು ಬರೆದುಕೊಂಡಿದ್ದೆನೇ ಹೊರತು ದನಿ ಕೇಳಿರಲಿಲ್ಲ. ಹಳ್ಳಿಯೂ ಪಟ್ಟಣವೂ ಒಂದೇ ಎಂಬ ಫಲಿತಾಂಶ ಯಾಕೆ ಅಷ್ಟು ಚೊಕ್ಕವಾಗಿ ಬಂತು ಎಂದು ಈಗ ಅರ್ಥವಾಯಿತು.

"ನಾನು ಯಾರಿಗೂ ಹೇಳಿಲ್ಲ," ಎಂದರು ಮಾರ್ಗರೆಟ್.

ಅದು ಇನ್ನೊಂದು ಅನುಮಾನ ಹುಟ್ಟಿಸಿತು. ಯಾಕೆ ಹೇಳಿಲ್ಲ? ಈಕೆಗೆ ನನ್ನಿಂದ ಏನಾಗಬೇಕಾಗಿದೆ?

ಫೋನ್ ಡಬ್ಬ

ಅರಕಲಗೂಡು ತಾಲ್ಲೂಕಿನ ಆ ಶಾಲೆಯ ಇಂಗ್ಲಿಷ್ ಮೇಷ್ಟರು ಶಿವಣ್ಣ. ಮಲ್ಲಿಪಟ್ಟಣದ ಕಡೆಯವರು, ಮನೆಯವರದು ಕಾಳಿನ ವ್ಯಾಪಾರ. ಇವರೊಬ್ಬರು ಓದಿ ಮೇಷ್ಟರಾಗಿದ್ದರು. ನನಗಿಂತ ಹತ್ತು ವರ್ಷ ಚಿಕ್ಕವರು, ನನ್ನನ್ನು ಕಂಡರೆ ಭಕ್ತಿ. ಅವರ ಮನೆಯಲ್ಲಿ ಫೋನಿರಲಿಲ್ಲ, ಪಕ್ಕದ ದಿನಸಿ ಅಂಗಡಿಯ ನಂಬರು ಕೊಟ್ಟಿದ್ದರು. ರಸ್ತೆ ಬದಿಯ ಕೆಂಪು ಡಬ್ಬದೊಳಗೆ ನಿಂತು ಫೋನ್ ಕಾರ್ಡು ತೂರಿಸಿ ನಂಬರು ಒತ್ತಿದೆ. ಅಂಗಡಿಯವನು "ಇರಿ, ಕೂಗ್ತೀನಿ" ಎಂದು ಹೋದ. ದೂರದಲ್ಲಿ ತಕ್ಕಡಿಯ ಸದ್ದು, ಯಾರೋ ಅರ್ಧ ಕೇಜಿ ಸಕ್ಕರೆ ಕೇಳುವುದು, ಎಲ್ಲ ಕೇಳಿಸುತ್ತಿತ್ತು. ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

"ಯಾರು? ಸಾ! ನೀವಾ? ಏ, ಇಂಗ್ಲೆಂಡಿಂದ ಕಣ್ರಪ್ಪ, ನಮ್ ಸಾ!" ಎಂದು ಶಿವಣ್ಣ ಅಂಗಡಿಯವರಿಗೆಲ್ಲ ಕೂಗಿ ಹೇಳಿದರು.

"ಶಿವಣ್ಣ, ಒಂದು ವಿಷಯ ಕೇಳ್ತೀನಿ. ನಿಜ ಹೇಳ್ಬೇಕು. ನಿಮ್ಮ ಸ್ಕೂಲಲ್ಲಿ ರೆಕಾರ್ಡ್ ಮಾಡ್ದಾಗ ಉತ್ತರ ಹೇಳಿದ ಹುಡುಗಿ ಯಾರು?"

"ನಮ್ಮಣ್ಣನ ಮಗಳು ಸಾ. ಚನ್ನರಾಯಪಟ್ಣದಲ್ಲಿ ಓದ್ತಿದ್ಲು. ಯಾಕ್ ಸಾ, ಚೆನ್ನಾಗ್ ಏಳಿರ್ಲಿಲ್ವಾ?"

"ಅವಳನ್ನ ಯಾಕೆ ನಿಮ್ಮ ಕ್ಲಾಸಲ್ಲಿ ಕೂರಿಸಿದ್ರಿ?"

"ಇನ್ನೇನ್ ಸಾ ಮಾಡೋದು? ನಮ್ ಉಡುಗ್ರು ಮೆಷಿನ್ ಕಂಡ್ರೆ ಬಾಯಿಗೆ ಬೀಗ ಆಕ್ಕೋತವೆ. ನೀವು ಅಷ್ಟು ದೂರದಿಂದ ಬಸ್ ಅತ್ಕಂಡು ನಮ್ ಸ್ಕೂಲಿಗೆ ಬಂದಿರ್ತೀರ. ನಿಮ್ಮನ್ನ ಬರಿ ಕೈಲಿ ಕಳ್ಸಕ್ಕಾಯ್ತದಾ? ಅವ್ಳಿಗೆ ಆಗ್ಲೇ ಅಲ್ಲಿ ನಿಮ್ ಮೆಷಿನ್ ಮುಂದೆ ಮಾತಾಡಿ ಅಭ್ಯಾಸ ಆಗಿತ್ತು. ಮೂರ್ ದಿನ ರಜ ಆಕ್ಸಿ ಕರ್ಕಂಡ್ ಬಂದ್ಬುಟ್ಟೆ."

"ಶಿವಣ್ಣ, ನಾನೇನು ಇನ್ಸ್‌ಪೆಕ್ಟರಾ?"

"ಅಂಗಂದ್ರೆ ಎಂಗೆ ಸಾ. ನೀವು ಕಾಲೇಜ್ ಲೆಕ್ಚರರ್ರು. ಇನ್ಸ್‌ಪೆಕ್ಟ್ರಿಗಿಂತ ದೊಡ್ಡೋರಲ್ವಾ?"

ಬೈಯಬೇಕೆಂದು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ನೆಂಟರನ್ನು ಮಜ್ಜಿಗೆ ಕೊಡದೆ ಕಳಿಸದ ಮನೆಯವರು ನನ್ನನ್ನು ಉತ್ತರವಿಲ್ಲದೆ ಕಳಿಸಿರಲಿಲ್ಲ, ಅಷ್ಟೆ. "ಅವ್ಳು ಎಸ್ರು ಕೆಡಿಸ್ಲಿಲ್ಲ ತಾನೆ ಸಾ?" ಎಂದು ಶಿವಣ್ಣ ಇನ್ನೊಮ್ಮೆ ಕೇಳಿದರು. ಇಲ್ಲ ಶಿವಣ್ಣ, ಬಹಳ ಚೆನ್ನಾಗಿ ಹೇಳಿದ್ದಾಳೆ ಎಂದೆ. ಕಾರ್ಡು ಮುಗಿದು ಫೋನು ತಾನೇ ಕಡಿದುಕೊಂಡಿತು.

ನನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿತ್ತು, ನಾನು ಐದು ಸಾವಿರ ಮೈಲಿ ದಾಟಿ ಬಂದು ಪರರ ಎಲೆಯ ನೊಣ ಓಡಿಸುತ್ತಿದ್ದೆ. ಚಟ್ನಿಪುಡಿಗೆ ಗೆರೆ ಎಳೆದವನು, ಚಾರ್ಟಿನ ಅಂಟು ಮುಟ್ಟಿ ನೋಡಿದವನು, ಸ್ವತಃ ಕೋಡುಬಳೆಗೆ ಊರು ಬದಲಾಯಿಸಿದವನು, ನನ್ನ ಟೇಪನ್ನು ಮಾತ್ರ ಅನುಮಾನಿಸಿರಲಿಲ್ಲ. ಅಲ್ಲೇ ಡಬ್ಬದ ಪಕ್ಕದ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ನಾಚಿಕೆಪಟ್ಟೆ.

ಸಭೆ

ಇನ್ನು ಒಂದು ವಾರವಿತ್ತು. ಸುಮ್ಮನಿದ್ದುಬಿಡಬಹುದಿತ್ತು. ಆ ಸಭೆಯಲ್ಲಿ ಚನ್ನರಾಯಪಟ್ಟಣ ಎಲ್ಲಿದೆ ಎಂದು ತಿಳಿದವರು ಒಬ್ಬರೂ ಇರಲಿಲ್ಲ. ಗೊತ್ತಿದ್ದವರು ಮಾರ್ಗರೆಟ್ ಒಬ್ಬರೇ. ಹೋಗಿ ನೇರವಾಗಿ ಕೇಳಿದೆ, ಪ್ರೊಫೆಸರರಿಗೆ ಹೇಳುತ್ತೀರಾ ಎಂದು.

"ಕೇಳಿಸಿಕೊಳ್ಳೋದು ನನ್ನ ಕೆಲಸ," ಎಂದರು ಆಕೆ, ಹೆಣಿಗೆಯಿಂದ ತಲೆಯೆತ್ತದೆ. "ಹೇಳೋದು ನಿಮ್ಮದು."

ಆ ಮಾತನ್ನು ನಾನು ನಂಬಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಕೊನೆಯ ದಿನ ಎದ್ದು ನಿಂತು ಸತ್ಯ ಹೇಳಿದ್ದು ಬರೀ ಧರ್ಮಬುದ್ಧಿಯಿಂದ ಎಂದರೆ ಸುಳ್ಳಾದೀತು. ಆಕೆ ಇವತ್ತಲ್ಲ ನಾಳೆ ಹೇಳಿಯಾರು ಎಂಬ ಭಯವೂ ಅದರಲ್ಲಿ ಅರ್ಧ ಇತ್ತು. ಎರಡು ಟೇಪು ಕೇಳಿಸಿದೆ. ಇದು ಒಬ್ಬಳೇ ಹುಡುಗಿ, ನನ್ನ ಮೇಲಿನ ಗೌರವಕ್ಕೆ ಮೇಷ್ಟರು ಅವಳನ್ನು ಕರೆತಂದಿದ್ದರು, ಆದ್ದರಿಂದ ಹಳ್ಳಿ ಪಟ್ಟಣದ ಹೋಲಿಕೆ ಬಿದ್ದುಹೋಯಿತು ಎಂದೆ. ಕೆಲವರು ನಕ್ಕರು. ಜೋಸೆಫ್ ನಗಲಿಲ್ಲ. ಅವನು ನೆಲ ನೋಡುತ್ತಿದ್ದ. ತನ್ನ ಶಾಲೆಯಲ್ಲಿ ಅವನೂ ರೆಕಾರ್ಡ್ ಮಾಡಿ ತಂದಿದ್ದ ಟೇಪಿನ ಬಗ್ಗೆ ಅವನಿಗೇ ಆಗ ಅನುಮಾನ ಬಂದಿತ್ತಂತೆ, ಆಮೇಲೆ ಹೇಳಿದ.

ಪ್ರೊಫೆಸರರು ತಮ್ಮ ಎಂದಿನ ಮೃದು ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. ಆ ಹಳ್ಳಿ ಶಾಲೆಯಲ್ಲಿ ಉಳಿದ ಮಕ್ಕಳೂ ಇದ್ದರಲ್ಲ, ಅವರು ಏನು ಮಾಡುತ್ತಿದ್ದರು?

"ಏನೂ ಇಲ್ಲ," ಎಂದೆ. "ಗೈಡಿನಲ್ಲಿಲ್ಲದ ಪ್ರಶ್ನೆಗೆ ಆ ಹುಡುಗಿಯೂ ಮಾತಾಡಲಿಲ್ಲ, ಅವರೂ ಮಾತಾಡಲಿಲ್ಲ. ನನ್ನ ತೀರ್ಮಾನದ ಅಷ್ಟು ಭಾಗ ಈಗಲೂ ನಿಲ್ಲುತ್ತದೆ. ನಮ್ಮ ಮಕ್ಕಳಿಗೆ ಸ್ವಂತ ವಾಕ್ಯ ಕಟ್ಟಲು ಬರುವುದಿಲ್ಲ."

ಸಂಪುಟಕ್ಕೆ ಇದನ್ನು ತೆಗೆದುಕೊಳ್ಳಲಾಗದೆಂದು ಸಂಜೆ ತಿಳಿಸಿದರು. ಅವರು ಬೇಸರಪಟ್ಟೇ ಹೇಳಿದರು, ಅದರಲ್ಲಿ ನನಗೆ ಅನುಮಾನ ಬರಲಿಲ್ಲ.

ಮತ್ತೆ ನೆಲಮಾಳಿಗೆ

ಹೊರಡುವ ಬೆಳಿಗ್ಗೆ ಟೇಪು ವಾಪಸು ತೆಗೆದುಕೊಳ್ಳಲು ಹೋದೆ. ರಸೀದಿ ಕೊಟ್ಟೆ. ಮಾರ್ಗರೆಟ್ ಐದು ಕ್ಯಾಸೆಟ್ಟು ಎಣಿಸಿಕೊಟ್ಟು, ಆರನೆಯದನ್ನು ಕೈಯಲ್ಲೇ ಹಿಡಿದುಕೊಂಡರು.

"ಉಳಿದ ಮಕ್ಕಳು ಏನೂ ಮಾತಾಡಲಿಲ್ಲ ಅಂದಿರಂತೆ," ಎಂದರು. "ಅದು ನಿಜವಲ್ಲ."

ಟೇಪನ್ನು ಯಂತ್ರಕ್ಕೆ ಹಾಕಿ, ಮುಂದಿನ ಬೆಂಚಿನ ದನಿಯನ್ನೂ ಮೇಷ್ಟರ ದನಿಯನ್ನೂ ತಗ್ಗಿಸುವ ಗುಂಡಿಗಳನ್ನು ತಿರುಗಿಸಿದರು. ಆ ಶಾಲೆಯಲ್ಲಿ ಕರೆಂಟಿನ ಪ್ಲಗ್ಗು ಇದ್ದದ್ದು ಹಿಂದಿನ ಗೋಡೆಯಲ್ಲಿ. ಶಿವಣ್ಣ ರೆಕಾರ್ಡರನ್ನು ಕೊನೆಯ ಬೆಂಚಿನ ಹಿಂದೆ ಇಟ್ಟಿದ್ದಿರಬೇಕು. ಅದು ನನಗೆ ಆವರೆಗೆ ಹೊಳೆದೇ ಇರಲಿಲ್ಲ.

ಪಾಠ ಒಬ್ಬ ಕುಂಬಾರನದು. ಅವನ ಒಂದು ಮಡಕೆ ಬಾಯಿಯ ಹತ್ತಿರ ಸೀಳು ಬಿಟ್ಟಿದೆ, ಯಾರೂ ಕೊಳ್ಳುವುದಿಲ್ಲ. ಕೊನೆಗೆ ಶಿವಣ್ಣ ನಾನು ಹೇಳಿಕೊಟ್ಟಿದ್ದ ಪ್ರಶ್ನೆ ಕೇಳುತ್ತಾರೆ: ನೀನು ಆ ಕುಂಬಾರನಾಗಿದ್ದರೆ ಆ ಮಡಕೆಯನ್ನು ಏನು ಮಾಡುತ್ತಿದ್ದೆ? ಅಣ್ಣನ ಮಗಳು ಸುಮ್ಮನಿದ್ದಾಳೆ. ಶಿವಣ್ಣ ಕೆಮ್ಮುತ್ತಾರೆ. ಆ ಜಾಗದಲ್ಲಿ ನನ್ನ ಹಾಳೆಯಲ್ಲಿ ನಾನು ಬರೆದಿದ್ದದ್ದು ಒಂದೇ ಪದ, ಗದ್ದಲ.

ಆ ಗದ್ದಲದೊಳಗಿಂದ, ರೆಕಾರ್ಡರಿಗೆ ಬಹಳ ಹತ್ತಿರದಲ್ಲಿ, ಒಬ್ಬ ಹುಡುಗಿ ಪಿಸುಗುಟ್ಟಿದಳು. "ಐ ವಿಲ್ ಕಟ್ ಇಟ್. ಐ ವಿಲ್ ಗಿವ್ ವಾಟರ್ ಟು ಅವರ್ ಹೆನ್ಸ್ ಇನ್ ದಟ್."

ಮೇಲಿನ ಅರ್ಧ ಒಡೆದುಹಾಕಿ, ಉಳಿದದ್ದರಲ್ಲಿ ಕೋಳಿಗಳಿಗೆ ನೀರಿಡುತ್ತಾಳೆ. ಯಾವ ಗೈಡಿನಲ್ಲೂ ಇಲ್ಲದ ಉತ್ತರ. ಎರಡು ವರ್ಷದಿಂದ ನಾನು ಹುಡುಕುತ್ತಿದ್ದ ವಾಕ್ಯ. ಮಾರ್ಗರೆಟ್ ನಿಲ್ಲಿಸಲಿಲ್ಲ, ಟೇಪು ಮುಂದೆ ಓಡಿತು.

"ಏ, ಎದ್ನಿಂತು ಮೇಷ್ಟ್ರಿಗೆ ಏಳೇ," ಎಂದಿತು ಪಕ್ಕದ ಇನ್ನೊಂದು ದನಿ.

"ಬ್ಯಾಡ, ಸುಮ್ಕಿರು. ಇವತ್ತು ನಮ್ಮನ್ನ ಮಾತಾಡ್ಬ್ಯಾಡಿ ಅಂದವ್ರೆ."

"ಏನು ಹೇಳಿದಳು?" ಎಂದು ಮಾರ್ಗರೆಟ್ ಕೇಳಿದರು. ಮೊದಲನೆಯ ಮಾತು ಆಕೆಗೆ ತಿಳಿದಿತ್ತು, ಅದು ಇಂಗ್ಲಿಷು. ಆಕೆ ಕೇಳಿದ್ದು ಕನ್ನಡದ ಮಾತನ್ನು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. ಟೇಪಿನ ಶುಚಿಯಾದ ಒಂದು ಪ್ರತಿ ಮಾಡಿ ನನ್ನ ಕೈಗಿಟ್ಟು, ಮೂಲ ಟೇಪಿನದೊಂದು ಪ್ರತಿ ವಿಭಾಗಕ್ಕೆ ಇಟ್ಟುಕೊಳ್ಳಲೇ ಎಂದರು. ಇಟ್ಟುಕೊಳ್ಳಿ ಎಂದೆ.

ಅರಕಲಗೂಡಿನ ದಾರಿ

ಊರಿಗೆ ಬಂದ ಮೂರನೆಯ ದಿನ, ಮುಂಚಿತವಾಗಿ ತಿಳಿಸದೆ, ಆ ಶಾಲೆಗೆ ಹೋದೆ. ಶಿವಣ್ಣ ಓಡಿ ಬಂದರು. ಇಂಗ್ಲೆಂಡಿನಿಂದ ತಂದ ಪೆನ್ನು ಕೊಟ್ಟೆ, ಕಣ್ಣಿಗೊತ್ತಿಕೊಂಡು ಜೇಬಿಗೆ ಸಿಕ್ಕಿಸಿಕೊಂಡು ಸಂಭ್ರಮಪಟ್ಟರು. ಉಪ್ಪಿಟ್ಟು ತರಿಸಲು ಹೊರಟವರನ್ನು ಕೂರಿಸಿ, ಸ್ಟಾಫ್ ರೂಮಿನ ಮೇಜಿನ ಮೇಲೆ ರೆಕಾರ್ಡರಿಟ್ಟು ಆ ಜಾಗ ಕೇಳಿಸಿದೆ.

ಕೋಳಿಗಳ ಮಾತಿಗೆ ಅವರು ನಕ್ಕರು. "ಬಲೇ ಉಡುಗಿ!" ಎಂದರು. ಮುಂದಿನ ಮಾತಿಗೆ ನಗು ನಿಂತಿತು.

"ನಾನೇ ಸಾ ಅಂಗಂದಿದ್ದು," ಎಂದರು ಮೆಲ್ಲಗೆ. "ನಿಮ್ ಟೇಪ್ ಕೆಡಬಾರ್ದು ಅಂತ."

"ಇರಲಿ ಶಿವಣ್ಣ. ಈ ಹುಡುಗಿ ಯಾರು ಹೇಳಿ. ಹೋಗಿ ಮಾತಾಡಿಸೋಣ."

ಆ ತರಗತಿಯ ಮಕ್ಕಳು ಹತ್ತನೇ ಕ್ಲಾಸು ಮುಗಿಸಿ ಹೋಗಿಯಾಗಿತ್ತು. ಒಬ್ಬಿಬ್ಬರು ಅರಕಲಗೂಡಿನ ಕಾಲೇಜಿಗೆ ಸೇರಿದ್ದರು, ಕೆಲವರ ಮದುವೆಯಾಗಿತ್ತು, ಹಲವರು ಅಲ್ಲಿಗೇ ನಿಲ್ಲಿಸಿದ್ದರು. ಶಿವಣ್ಣ ಆ ವರ್ಷದ ಹಾಜರಿ ಪುಸ್ತಕ ತೆಗೆದುಕೊಂಡು ಬಂದರು. ಟೇಪನ್ನು ಇನ್ನೊಮ್ಮೆ ಕೇಳಿದರು. ಹುಡುಗಿಯರ ಹೆಸರಿನ ಮೇಲೆ ಬೆರಳಿಟ್ಟು ಕೆಳಗೆ ಇಳಿಸುತ್ತ ಹೋದರು. ಕೊನೆಯ ಹೆಸರು ಮುಟ್ಟಿ, ಮತ್ತೆ ಮೇಲಿನಿಂದ ಶುರುಮಾಡಿದರು. ಮೂರನೆಯ ಸಲ ಕೇಳಿದಾಗ ಕಿವಿಯನ್ನು ರೆಕಾರ್ಡರಿಗೆ ತಾಗಿಸಿಕೊಂಡಿದ್ದರು.

"ಎಂಟನೇ ಕ್ಲಾಸಿಂದ ನಿಮ್ಮ ಹತ್ತಿರವೇ ಓದಿದವಳು ಶಿವಣ್ಣ," ಎಂದೆ. "ಮೂರು ವರ್ಷ."

ಅವರ ಬೆರಳು ಪುಸ್ತಕದ ಮೇಲೇ ಇತ್ತು, ಯಾವ ಹೆಸರಿನ ಮೇಲೂ ಇರಲಿಲ್ಲ.

"ಈ ದನಿ ನಾನು ಕೇಳೇ ಇಲ್ಲ ಸಾ," ಎಂದರು.